ಮಾಲ್ಗುಡಿ ಡೇಸ್: ಮಲೆನಾಡಿನ ನೆಲದಲ್ಲಿ ಮೂಡಿದ ನಗೆಚಿತ್ರಮಾಲೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳನ್ನು ಚಲನಚಿತ್ರದ ಚರಿತ್ರೆ ನೆನೆಯುವುದು ಹೆಚ್ಚಾಗಿ ಗಂಭೀರ ಚಿತ್ರಗಳ ಮೂಲಕ. ನಾ. ಡಿಸೋಜ ಅವರ ಕಾದಂಬರಿಗಳಿಂದ ಹುಟ್ಟಿದ ‘ಕಾಡಿನ ಬೆಂಕಿ’, ‘ದ್ವೀಪ’, ಕುವೆಂಪು ಅವರ ಕಾದಂಬರಿಯನ್ನು ಗಿರೀಶ್ ಕಾರ್ನಾಡರು ತೆರೆಗೆ ತಂದ ‘ಕಾನೂರು ಹೆಗ್ಗಡಿತಿ’, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿಯವರ ಒಟ್ಟು ಸಾಧನೆ, ಇವೆಲ್ಲ ಮಲೆನಾಡನ್ನು ನೋವಿನ, ಮುಳುಗಡೆಯ, ಮಡಿ ಮೈಲಿಗೆಯ ನಾಡಾಗಿ ಕಂಡವು. ಆದರೆ ಈ ನೆಲವನ್ನು ಅತಿ ಹೆಚ್ಚು ಜನ ಕಣ್ಣಾರೆ ನೋಡಿದ್ದು, ಇಂದಿಗೂ ನೋಡುತ್ತಿರುವುದು ಒಂದು ನಗೆಚಿತ್ರಮಾಲೆಯಲ್ಲಿ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ನೆಲೆಯಾಗಿಸಿಕೊಂಡು, ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವನ್ನೂ ಬಳಸಿಕೊಂಡು ಚಿತ್ರಿತವಾಯಿತು. ಆಗುಂಬೆಯನ್ನು ಈ ಸರಣಿಯ ‘ಹಿನ್ನೆಲೆ’ ಎನ್ನುವುದು ರೂಢಿ. ಆ ಮಾತು ಸಾಲದು. ನಾರಾಯಣ್ ಅವರ ಹಾಸ್ಯ ತೆರೆಯ ಮೇಲೆ ಕೆಡದೆ ಉಳಿದದ್ದು ಅದಕ್ಕೆ ತಕ್ಕ ಅಳತೆಯ ಊರು, ಮನೆ, ಕಾಡು, ನಿಲ್ದಾಣಗಳು ಇಲ್ಲಿ ಸಿಕ್ಕಿದ್ದರಿಂದ. ಈ ಲೇಖನದ ವಾದ ಇದು.

ಸರಣಿ ದೂರದರ್ಶನದಲ್ಲಿ ಪ್ರಸಾರವಾದದ್ದು 1986-87ರ ಸುಮಾರಿನಲ್ಲಿ. ಟಿ.ಎಸ್. ನರಸಿಂಹನ್ ನಿರ್ಮಾಪಕರು, ಎಸ್. ರಾಮಚಂದ್ರ ಛಾಯಾಗ್ರಾಹಕರು, ಜಾನ್ ದೇವರಾಜ್ ಕಲಾನಿರ್ದೇಶಕರು, ಎಲ್. ವೈದ್ಯನಾಥನ್ ಸಂಗೀತ ನಿರ್ದೇಶಕರು. ಶೀರ್ಷಿಕೆಯ ಜೊತೆ ಬರುತ್ತಿದ್ದ ರೇಖಾಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಮೊದಲ ಸುತ್ತಿನಲ್ಲಿ 39 ಕಂತುಗಳಿದ್ದವು. ಸಂಭಾಷಣೆ ಹಿಂದಿಯಲ್ಲಿತ್ತು, ಆರಂಭದ ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮತ್ತು ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಗಳು ಹಲವು ಕಂತುಗಳಿಗೆ ಹರಡಿಕೊಂಡರೆ, ಉಳಿದ ಕಂತುಗಳಲ್ಲಿ ಹೆಚ್ಚಿನವು ಒಂದೊಂದು ಸಣ್ಣಕಥೆಯವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್ ಅಭಿನಯಿಸಿದರು. ಮಗಳಿಗೆ ಕೊಟ್ಟ ಮಾತನ್ನು ಕಚೇರಿಯ ಕೆಲಸದಿಂದಾಗಿ ಉಳಿಸಿಕೊಳ್ಳಲಾಗದ ಗುಮಾಸ್ತನ ಪಾತ್ರ ವಿಷ್ಣುವರ್ಧನ್ ಅವರದು. ಸ್ವಾಮಿಯ ಕಥೆ ‘ಸ್ವಾಮಿ’ ಎಂಬ ಹೆಸರಿನಲ್ಲಿ ಚಲನಚಿತ್ರವಾಗಿಯೂ ರೂಪುಗೊಂಡು, 1987ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಮನ್ನಣೆ ಪಡೆಯಿತು. ಮಂಜುನಾಥ್ ಅತ್ಯುತ್ತಮ ಬಾಲನಟನೆನಿಸಿದ.

ನಾರಾಯಣ್ ಅವರ ಮಾಲ್ಗುಡಿ ಭೂಪಟದಲ್ಲಿಲ್ಲ. ಅದು ಹುಟ್ಟಿದ್ದು ಬೆಂಗಳೂರಿನಲ್ಲಿ, 1930ರ ವಿಜಯದಶಮಿಯ ದಿನ, ಅಜ್ಜಿ ಆರಿಸಿಕೊಟ್ಟ ಶುಭಮುಹೂರ್ತದಲ್ಲಿ ಬರೆಯಲು ಕೂತಾಗ. ತಮ್ಮ ಆತ್ಮಕಥನದಲ್ಲಿ ಲೇಖಕರು ಈ ಸಂಗತಿಯನ್ನು ಹೇಳಿಕೊಂಡಿದ್ದಾರೆ. ಅಂದು ಅವರ ಕಣ್ಣಿಗೆ ಮೊದಲು ಬಿದ್ದದ್ದು ಬೀದಿಯೂ ಅಲ್ಲ, ಶಾಲೆಯೂ ಅಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಊರು ಅದರ ಸುತ್ತ ಆಮೇಲೆ ಬೆಳೆಯಿತು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದಾಗ ಮಾಲ್ಗುಡಿಗೆ ಸರಯೂ ಎಂಬ ನದಿ, ಮೆಂಪಿ ಎಂಬ ಬೆಟ್ಟಗಾಡು, ಆಲ್ಬರ್ಟ್ ಮಿಷನ್ ಶಾಲೆ, ಮಾರ್ಕೆಟ್ ರಸ್ತೆ ಆಗಲೇ ಇದ್ದವು. ಇಂಥ ಊರನ್ನು ಚಿತ್ರಿಸುವವನ ಮುಂದೆ ಎರಡು ದಾರಿಗಳಿರುತ್ತವೆ. ಸ್ಟುಡಿಯೊದಲ್ಲಿ ಕಟ್ಟಿಕೊಳ್ಳುವುದು ಒಂದು, ಎಲ್ಲೋ ಇರುವ ಊರೊಂದನ್ನು ಹುಡುಕಿ ಅಲ್ಲಿ ಬಿಡಾರ ಹೂಡುವುದು ಇನ್ನೊಂದು. ಶಂಕರ್ ನಾಗ್ ಎರಡನೆಯದನ್ನು ಆರಿಸಿಕೊಂಡರು. ಜಾನ್ ದೇವರಾಜ್ ಆಗುಂಬೆಯ ಪೇಟೆಗೆ ಹಳೆಯ ಕಾಲದ ಅಂಗಡಿ ಮುಂಗಟ್ಟುಗಳ ರೂಪ ಕೊಟ್ಟರು, ಊರಿನ ಜನ ಎಷ್ಟೋ ದೃಶ್ಯಗಳಲ್ಲಿ ಊರಿನ ಜನರಾಗಿಯೇ ಓಡಾಡಿದರು. ಹಾಗಾಗಿ ಇಲ್ಲಿ ಸೆಟ್ಟಿಗೂ ಊರಿಗೂ ನಡುವಿನ ಗೆರೆ ಬಹಳ ತೆಳು. ಈ ತೆಳುವು ಹಾಸ್ಯಕ್ಕೆ ಹೇಗೆ ಒದಗಿಬಂತೆಂದು ತಿಳಿಯಲು ಮೊದಲು ಮನೆಯನ್ನು ನೋಡಬೇಕು.

ಸ್ವಾಮಿಯ ಮನೆಯಾಗಿ ಕಾಣಿಸಿಕೊಂಡದ್ದು ಆಗುಂಬೆಯ ದೊಡ್ಡಮನೆ. ಮಲೆನಾಡಿನ ಹಳೆಯ ಅನುಕೂಲಸ್ಥ ಮನೆಗಳ ಕಟ್ಟೋಣ ಮಳೆಯನ್ನೂ ಕೂಡುಕುಟುಂಬವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡದ್ದು. ಮುಂದೆ ಅಂಗಳ, ಅಂಗಳಕ್ಕೆ ತಾಗಿದ ಜಗಲಿ, ಒಳಗೆ ಆಕಾಶಕ್ಕೆ ತೆರೆದ ಚೌಕಿ, ಅದರ ಸುತ್ತ ಮುಂಡಿಗೆಗಳ ಸಾಲು, ಮೇಲೆ ಅಟ್ಟ, ಹಿಂದೆ ಹಿತ್ತಿಲು ಮತ್ತು ಬಚ್ಚಲು. ಇಲ್ಲಿ ಕದ ಹಾಕಿಕೊಂಡು ಒಬ್ಬರೇ ಇರುವ ಕೋಣೆಗಳು ಕಡಿಮೆ. ಜಗಲಿಯಲ್ಲಿ ಆಡಿದ ಮಾತು ಅಡಿಗೆಮನೆಗೆ ಕೇಳುತ್ತದೆ, ಅಡಿಗೆಮನೆಯ ಒಗ್ಗರಣೆಯ ಸದ್ದು ಜಗಲಿಗೆ ಬರುತ್ತದೆ. ನಾರಾಯಣ್ ಅವರ ಕೌಟುಂಬಿಕ ಹಾಸ್ಯ ನಿಂತಿರುವುದು ಈ ಕೇಳಿಸಿಕೊಳ್ಳುವಿಕೆಯ ಮೇಲೆ. ತಂದೆ ಗದರುವುದು ಅಜ್ಜಿಗೆ ಕೇಳಬೇಕು, ಅಜ್ಜಿ ಮುದ್ದು ಮಾಡುವುದು ತಂದೆಯ ಕಿವಿಗೆ ಬೀಳಬೇಕು, ಇವೆರಡರ ನಡುವೆ ಹುಡುಗ ನುಸುಳಿ ಹೋಗಬೇಕು. ಕಾದಂಬರಿಯ ಅಜ್ಜಿ ಇರುವುದೇ ನಡುಮನೆಗೂ ಊಟದ ಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ, ಮನೆಯ ಎಲ್ಲ ಸುದ್ದಿಯೂ ಹಾದುಹೋಗುವ ದಾರಿಯಲ್ಲಿ. ಚೌಕಿಯ ಸುತ್ತ ಹರಡಿದ ಮನೆಯಲ್ಲಿ ಕ್ಯಾಮೆರಾ ಒಂದೇ ನೋಟದಲ್ಲಿ ಮೂರು ತಲೆಮಾರುಗಳನ್ನು ಹಿಡಿಯಬಲ್ಲದು. ಯಾರು ಯಾರಿಗೆ ಹೆದರುತ್ತಾರೆ, ಯಾರು ಹೆದರಿದಂತೆ ನಟಿಸುತ್ತಾರೆ ಎಂಬುದು ಮಾತಿಲ್ಲದೆಯೇ ತಿಳಿಯುತ್ತದೆ. ಸ್ವಾಮಿಯ ಧೈರ್ಯಪರೀಕ್ಷೆಯ ಕಥೆಯನ್ನೇ ನೋಡಿ. ತಂದೆ ಮಗನನ್ನು ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗೆನ್ನುತ್ತಾರೆ, ಹುಡುಗ ಬೆಂಚಿನ ಕೆಳಗೆ ಮುದುರಿಕೊಂಡು ಭಯದಲ್ಲಿ ಕಚ್ಚಿದ್ದು ಕಳ್ಳನ ಕಾಲನ್ನು, ಬೆಳಗಾಗುವಾಗ ಅವನು ಊರಿನ ವೀರ. ಅಜ್ಜಿಯ ಮಗ್ಗುಲಿನಿಂದ ಕಚೇರಿ ಕೋಣೆಯವರೆಗಿನ ಕೆಲವೇ ಹೆಜ್ಜೆ ಹುಡುಗನಿಗೆ ಯೋಜನಗಳ ದೂರವಾಗುವುದರಲ್ಲಿ ಇಡೀ ಕಥೆಯ ನಗೆ ಇದೆ. ದೊಡ್ಡದಾದ, ಕತ್ತಲು ಮೂಲೆಗಳಿರುವ, ಮರದ ಹೊಸ್ತಿಲುಗಳ ಮನೆಯಲ್ಲಿ ಆ ದೂರ ನೋಡುವವನಿಗೂ ದೂರವೆನ್ನಿಸುತ್ತದೆ.

ಮನೆಯ ಆಚೆಗಿನ ಪೇಟೆಯದೂ ಇದೇ ಮಾತು. ಆಗುಂಬೆ ನಾರಾಯಣ್ ವರ್ಣಿಸಿದ ಮಾಲ್ಗುಡಿಗಿಂತ ಬಹಳ ಚಿಕ್ಕದು. ಕಾದಂಬರಿಯಿಂದ ಕಾದಂಬರಿಗೆ ಮಾಲ್ಗುಡಿ ಬಡಾವಣೆಗಳನ್ನೂ ಕಾಲೇಜನ್ನೂ ಸಿನಿಮಾ ಮಂದಿರವನ್ನೂ ಪಡೆದುಕೊಳ್ಳುತ್ತ ಪಟ್ಟಣವಾಗಿ ಬೆಳೆಯಿತು. ಆಗುಂಬೆಯಲ್ಲಿ ಇರುವುದು ಒಂದು ಮುಖ್ಯ ಬೀದಿ, ಒಂದು ಸರ್ಕಲ್ಲು. ಈ ಕಿರಿದಾಗುವಿಕೆಯಿಂದ ನಷ್ಟವಾಯಿತೆಂದು ಹೇಳುವವರಿದ್ದಾರೆ. ಆದರೆ ನಾರಾಯಣ್ ಅವರ ಹಾಸ್ಯದ ಸೂತ್ರವೇ ಅಳತೆಯ ಏರುಪೇರು: ಸಣ್ಣ ಊರು, ಅದರ ಜನಕ್ಕೆ ಲೋಕದಷ್ಟು ದೊಡ್ಡ ವ್ಯವಹಾರ. ಹುಡುಗರು ಕಟ್ಟಿದ ಕ್ರಿಕೆಟ್ ತಂಡದ ಹೆಸರು ಎಂ.ಸಿ.ಸಿ. ಬ್ಯಾಟು ಬಾಲಿಗೆ ಮದರಾಸಿನ ಕಂಪನಿಗೆ ಅವರು ಬರೆಯುವ ಪತ್ರದ ಗತ್ತು ಸಾಮ್ರಾಜ್ಯಗಳ ನಡುವಿನ ಒಪ್ಪಂದದ್ದು. ‘ಎಂಜಿನ್ ಟ್ರಬಲ್’ ಕಥೆಯಲ್ಲಿ ಲಾಟರಿಯಲ್ಲಿ ಗೆದ್ದ ರಸ್ತೆ ಎಂಜಿನ್ನನ್ನು ಎಲ್ಲಿಡಬೇಕೆಂದು ತಿಳಿಯದೆ ಗೆದ್ದವನೇ ಹಣ್ಣಾಗುತ್ತಾನೆ. ನಗರದಲ್ಲಾದರೆ ಆ ಎಂಜಿನ್ನು ಸಂತೆಯಲ್ಲಿ ಕಳೆದುಹೋದೀತು, ಒಂದೇ ಬೀದಿಯ ಊರಿನಲ್ಲಿ ಅದು ಎಲ್ಲರ ಮನೆಬಾಗಿಲಿನ ಸಮಸ್ಯೆ. ‘ದಿ ರೋಮನ್ ಇಮೇಜ್’ ಕಥೆಯಲ್ಲಿ ನದಿಯಲ್ಲಿ ಸಿಕ್ಕ ಭಗ್ನ ಶಿಲೆಯೊಂದು ರೋಮನ್ ಚಕ್ರವರ್ತಿಯದೆಂದು ಪಂಡಿತರು ಸಾಧಿಸಿ, ಕೊನೆಗೆ ಅದು ದೇವಸ್ಥಾನದ ದ್ವಾರಪಾಲಕನೆಂದು ಬಯಲಾಗುತ್ತದೆ. ಕೆಳದಿ ಅರಸರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ. ಹೊಳೆಯಲ್ಲೋ ತೋಟದಲ್ಲೋ ಹಳೆಯ ಕಲ್ಲೊಂದು ಸಿಕ್ಕಿತೆಂದರೆ ನಂಬಲು ಇಲ್ಲಿ ಯಾರಿಗೂ ಕಷ್ಟವಿಲ್ಲ. ಕಥೆಯ ಉತ್ಪ್ರೇಕ್ಷೆಗೆ ನಂಬಿಕೆಯ ಬುನಾದಿ ಬೇಕು, ಈ ಸೀಮೆಯಲ್ಲಿ ಅದು ತಾನಾಗಿ ಇದೆ.

ಸ್ವಾಮಿಯ ಲೆಕ್ಕದ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ತಂದೆ ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಡುತ್ತಾರೆ, ಸ್ವಾಮಿಗೆ ಮುಖ್ಯವಾಗಿ ಕಾಡುವುದು ಹಣ್ಣು ಮಾಗಿದೆಯೇ ಇಲ್ಲವೇ ಎಂಬ ಪ್ರಶ್ನೆ. ಓದುವವರಿಗೆ ಇದು ಮಗುವಿನ ಮುಗ್ಧತೆ. ಆದರೆ ಅಪ್ಪೆಮಿಡಿಯ ಹೊಳೆದಂಡೆಗಳಿರುವ ಸಾಗರ, ಹೊಸನಗರಗಳ ಕಡೆ ಮಾವನ್ನು ಮೊದಲು ಅಳೆಯುವುದು ಬಲಿತಿದೆಯೇ, ಎಳೆಯದೇ, ಸೊನೆ ಹೇಗಿದೆ ಎಂದು. ಬೆಲೆ ಆಮೇಲಿನ ಮಾತು. ಸ್ವಾಮಿಯ ಪ್ರಶ್ನೆ ಇಲ್ಲಿಯ ಮಟ್ಟಿಗೆ ಸರಿಯಾದ ಪ್ರಶ್ನೆಯೇ.

ಇನ್ನು ಕಾಡು. ನನ್ನ ದೃಷ್ಟಿಯಲ್ಲಿ ಆಗುಂಬೆಯ ಆಯ್ಕೆಗೆ ಎಲ್ಲಕ್ಕಿಂತ ಬಲವಾದ ಸಮರ್ಥನೆ ಇದು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಕೊನೆಯ ಭಾಗದಲ್ಲಿ ಹುಡುಗ ಮುಖ್ಯೋಪಾಧ್ಯಾಯರ ಬೆತ್ತವನ್ನು ಕಿಟಕಿಯಿಂದಾಚೆಗೆ ಎಸೆದು ಶಾಲೆಯಿಂದ ಓಡಿಹೋಗಿ, ಮೆಂಪಿ ಕಾಡಿನ ರಸ್ತೆಯಲ್ಲಿ ದಾರಿ ತಪ್ಪಿ, ಇರುಳಿಡೀ ಭಯದಲ್ಲಿ ತೊಳಲಿ, ಅರಣ್ಯಾಧಿಕಾರಿಯೊಬ್ಬರ ಕೈಗೆ ಸಿಗುತ್ತಾನೆ. ಅಷ್ಟರಲ್ಲಿ ಅವನ ಪಾಲಿನ ಮಹಾಯುದ್ಧವಾದ ಕ್ರಿಕೆಟ್ ಪಂದ್ಯ ಕೈತಪ್ಪಿರುತ್ತದೆ, ಜೊತೆಗೆ ಗೆಳೆಯ ರಾಜಮ್‌ನ ಸ್ನೇಹವೂ. ಅದುವರೆಗೆ ನಗಿಸುತ್ತಿದ್ದ ಕಥೆ ಇಲ್ಲಿ ಒಮ್ಮೆಗೇ ಆಳಕ್ಕಿಳಿಯುತ್ತದೆ. ಈ ತಿರುವು ಗೆಲ್ಲಬೇಕಾದರೆ ಊರು ಮುಗಿದಲ್ಲಿ ಕಾಡು ಶುರುವಾಗಬೇಕು, ಅದೂ ಹುಡುಗನ ಕಾಲ್ನಡಿಗೆಯ ದೂರದಲ್ಲಿ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿ ಕೂತ ಆಗುಂಬೆಯಲ್ಲಿ ಇದು ದಿನನಿತ್ಯದ ಸತ್ಯ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕಾಡು ಕಾಳಿಂಗ ಸರ್ಪದ ನೆಲೆ. ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದೂ ಅದರಿಂದಲೇ. ಪೇಟೆಯ ಬೀದಿ ದಾಟಿ ಸ್ವಲ್ಪ ನಡೆದರೆ ಬೆಳಕು ಬದಲಾಗುವ ಇಂಥ ಊರಿನಲ್ಲಿ ಸ್ವಾಮಿಯ ಭಯಕ್ಕೆ ಹಿನ್ನೆಲೆ ಸಂಗೀತದ ಆಸರೆ ಬೇಕಿಲ್ಲ.

ನಾರಾಯಣ್ ಮೈಸೂರಿನಲ್ಲಿ ಬಾಳಿದವರು, ಮದರಾಸಿನಲ್ಲಿ ಹುಟ್ಟಿದವರು, ಅವರ ಮಾಲ್ಗುಡಿ ಬಯಲುಸೀಮೆಯ ಊರು, ಅಡಿಕೆ ತೋಟದ ಮಲೆನಾಡಿಗೂ ಅದಕ್ಕೂ ಏನು ಸಂಬಂಧ ಎಂಬ ಆಕ್ಷೇಪಕ್ಕೆ ಅರ್ಧ ಉತ್ತರ ಇಲ್ಲಿಯೇ ದೊರೆತಿದೆ. ಮೆಂಪಿ ಕಾಡು ಮಾಲ್ಗುಡಿಯ ಅಂಚಿನಲ್ಲಿ ಮೊದಲ ಕಾದಂಬರಿಯಿಂದಲೂ ಇದೆ. ‘ದಿ ಗೈಡ್’ ಕಾದಂಬರಿಯ ಗುಹೆಗಳಿಗೆ, ‘ದಿ ಮ್ಯಾನ್ ಈಟರ್ ಆಫ್ ಮಾಲ್ಗುಡಿ’ಯ ಬೇಟೆಗೆ ಲೇಖಕರೇ ಅಲ್ಲಿಗೆ ಹೋಗಿದ್ದಾರೆ. ಬಯಲು ಮತ್ತು ಬೆಟ್ಟ ಸಂಧಿಸುವ ಊರು ಮಾಲ್ಗುಡಿ, ನಿರ್ದೇಶಕರು ಆ ಜೋಡಿಯಲ್ಲಿ ಬೆಟ್ಟದ ಕಡೆಗೆ ವಾಲಿದರು ಅಷ್ಟೆ. ಉಳಿದರ್ಧ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನಗೆ ಇರುವುದು ಬರಹದಲ್ಲಿ ಮತ್ತು ನಟನೆಯಲ್ಲಿ, ಮಂಜುನಾಥ್‌ನ ಕಣ್ಣುಗಳಲ್ಲಿ, ಕಾರ್ನಾಡರ ಬಿಗಿದ ತುಟಿಯಲ್ಲಿ, ಊರನ್ನು ಹೊಗಳುವುದೇಕೆ? ಬರಹವೂ ನಟನೆಯೂ ಮುಖ್ಯವೆಂಬುದರಲ್ಲಿ ಅನುಮಾನವಿಲ್ಲ. ಆದರೆ ನಾರಾಯಣ್ ಅವರ ಬರಹದಲ್ಲಿ ನಗೆ ತರುವುದು ಬಹುಪಾಲು ನಿರೂಪಕನ ಸಮಾಧಾನದ ಧ್ವನಿ. ಪಾತ್ರಗಳು ನಗೆಮಾತು ಆಡುವುದಿಲ್ಲ, ಅವುಗಳನ್ನು ನೋಡುವ ದೃಷ್ಟಿಯಲ್ಲಿ ನಗೆ ಇರುತ್ತದೆ. ತೆರೆಗೆ ಬಂದಾಗ ನಿರೂಪಕನ ಧ್ವನಿ ಹೊರಟುಹೋಗುತ್ತದೆ. ಅದರ ಜಾಗವನ್ನು ಯಾವುದಾದರೊಂದು ತುಂಬಬೇಕು. ಈ ಸರಣಿಯಲ್ಲಿ ಅದನ್ನು ತುಂಬಿದ್ದು ಅವಸರವಿಲ್ಲದ ಬೀದಿ, ಜಗಲಿಯಿಂದ ಎಲ್ಲವನ್ನೂ ನೋಡುವ ಜನ, ದೂರದಿಂದಲೇ ನಡೆದು ಬರುವುದು ಕಾಣುವ ಅಂಚೆಯವನು. ಲಕ್ಷ್ಮಣ್ ಅವರ ರೇಖೆಗಳೂ ವೈದ್ಯನಾಥನ್ ಅವರ ರಾಗವೂ ಇದಕ್ಕೆ ನೆರವಾದವು.

ಭಾಷೆಯ ಪ್ರಶ್ನೆ ಕನ್ನಡಿಗರನ್ನು ಸಹಜವಾಗಿ ಕಾಡುತ್ತದೆ. ಇಂಗ್ಲಿಷಿನಲ್ಲಿ ಹುಟ್ಟಿ ಹಿಂದಿಯಲ್ಲಿ ಮಾತಾಡಿದ ಈ ಕೃತಿಯನ್ನು ಮಲೆನಾಡಿನದೆಂದು ಹೇಳಿಕೊಳ್ಳಬಹುದೆ? ಆಗುಂಬೆಯ ಬೀದಿಯಲ್ಲಿ ಕೇಳುವ ‘ಎಂತ ಮಾರಾಯ’ ಇದರಲ್ಲಿ ಇಲ್ಲ, ಅದು ಇದ್ದಿದ್ದರೆ ನಗೆಗೆ ಇನ್ನೊಂದು ಬಣ್ಣ ಬರುತ್ತಿತ್ತು ಎಂಬುದನ್ನು ಒಪ್ಪಲೇಬೇಕು. ಆದರೂ ಈ ಹಿಂದಿ ಆಡಿದವರಲ್ಲಿ ಹೆಚ್ಚಿನವರು ಕನ್ನಡ ರಂಗಭೂಮಿಯಿಂದ, ಕನ್ನಡ ಸಿನಿಮಾದಿಂದ ಬಂದವರು. ಅವರ ಮಾತಿನ ಏರಿಳಿತ, ಕೈಯಾಡಿಸುವ ರೀತಿ, ಪಂಚೆ ಎತ್ತಿಕಟ್ಟಿ ಕೂರುವ ಭಂಗಿ ಹಿಂದಿಯವಲ್ಲ. ‘ಹಮ್ ಲೋಗ್’, ‘ಬುನಿಯಾದ್’, ‘ನುಕ್ಕಡ್’ ಧಾರಾವಾಹಿಗಳ ಆ ಕಾಲದಲ್ಲಿ ದೂರದರ್ಶನದ ಹಿಂದಿ ಲೋಕ ಉತ್ತರದ ಮನೆ, ಉತ್ತರದ ಗಲ್ಲಿಗಳಿಂದ ತುಂಬಿತ್ತು. ಅಂಥಲ್ಲಿ ಹೆಂಚಿನ ಮಾಡು, ಕೆಮ್ಮಣ್ಣಿನ ಅಂಗಳ, ಬಾಳೆಲೆಯ ಊಟ, ಹಿತ್ತಿಲಿನ ಬಾವಿಕಟ್ಟೆ ಯಾವ ವಿವರಣೆಯೂ ಇಲ್ಲದೆ ದೇಶದ ಸಾಮಾನ್ಯ ಮನೆಯೆಂಬಂತೆ ಕಂಡವು. ದಕ್ಷಿಣದವರನ್ನು ಉಚ್ಚಾರಣೆಯ ವಿಕಾರದಿಂದ ನಗಿಸುವ ಹಿಂದಿ ಸಿನಿಮಾದ ಚಾಳಿಗೆ ಇದು ಒಳ್ಳೆಯ ಉತ್ತರವಾಗಿತ್ತು. ಈ ಸರಣಿಯಲ್ಲಿ ನಗು ಹುಟ್ಟುವುದು ಮನುಷ್ಯರ ಆಸೆ, ಹೆದರಿಕೆ, ಸಣ್ಣ ಜಂಬಗಳಿಂದ. ಅವರ ಪ್ರದೇಶ ನಗೆಗೆ ಗುರಿಯಾಗುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಚರಿತ್ರೆಯದು. ತೆರೆಯ ಮೇಲಿನ ಶಾಂತ, ಬಿಸಿಲು ಬಿದ್ದ ಊರು ನಿಜವಾದ ಮಲೆನಾಡನ್ನು ಮುಚ್ಚಿಹಾಕುತ್ತದೆ ಎಂಬುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭತ್ತದ ಅಳತೆಯ ಕೊಳಗದ ವಿಚಾರಕ್ಕೆ ಸತ್ಯಾಗ್ರಹ ಹೂಡಿದರು. ಆ ಹೋರಾಟದೊಂದಿಗೆ ಬೆಳೆದ, ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸನಸಭೆಗೆ ಹೋದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರಗಳ ಊರೂರುಗಳನ್ನೇ ಮುಳುಗಿಸಿತು. ಚೌಕಿಮನೆಗಳ ನೆಮ್ಮದಿಯ ಹಿಂದೆ ಒಕ್ಕಲುಗಳ ದುಡಿಮೆ ಇತ್ತು, ಜಾತಿಯ ಗೆರೆಗಳಿದ್ದವು. ಸರಣಿ ಇದಾವುದನ್ನೂ ಹೇಳುವುದಿಲ್ಲ. ಮಳೆಯನ್ನೂ ಅದು ಸಾಕಷ್ಟು ತೋರಿಸಿಲ್ಲ. ಆಗುಂಬೆಯ ಬದುಕಿನ ಅರ್ಧ ಮಳೆಗಾಲದ ಸಿದ್ಧತೆ, ಸೌದೆ ಒಟ್ಟುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುವುದು. ಹೆಚ್ಚಿನ ಕಂತುಗಳಲ್ಲಿ ಕಾಣುವುದು ಬಿಸಿಲೇ. ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಮಾಲ್ಗುಡಿ ನಡುವರ್ಗದ ಕಣ್ಣಿನಿಂದ ಕಂಡ ಊರು, ಆ ಮಿತಿ ಮೂಲದಲ್ಲೇ ಇದೆ. ಆದರೆ ಮಿತಿಯೊಳಗೆ ಅದು ಕುರುಡಾಗಿಲ್ಲ. ತಿಂಗಳಿಗೆ ನಲವತ್ತೈದು ರೂಪಾಯಿಗೆ ಮಗಳ ಸಂಜೆಯನ್ನು ಮಾರಿಕೊಂಡ ಗುಮಾಸ್ತ, ಕಳವಿನ ಆರೋಪ ಹೊತ್ತು ಪುಟ್ಟ ಹುಡುಗಿ ಲೀಲಾಳ ಮನೆ ಬಿಡುವ ಆಳು ಸಿದ್ಧ, ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ತಡೆಹಿಡಿಯುವ ಅಂಚೆಯವನು, ಇವರೆಲ್ಲ ಸರಣಿಯ ಹೃದಯದಲ್ಲೇ ಇದ್ದಾರೆ. ಸಿದ್ಧ ಕದ್ದಿಲ್ಲವೆಂದು ತಿಳಿದ ಮೇಲೂ ಯಜಮಾನನ ಮನಸ್ಸು ಬದಲಾಗದ ಕೊನೆಯಲ್ಲಿ ನಗೆ ಪೂರ್ತಿ ನಿಂತುಹೋಗುತ್ತದೆ. ನೆಲದ ಹೋರಾಟದ ಚರಿತ್ರೆಗೆ ಬೇರೆ ಕೃತಿಗಳಿವೆ. ‘ದ್ವೀಪ’ವನ್ನೂ ‘ಮಾಲ್ಗುಡಿ ಡೇಸ್’ ಅನ್ನೂ ಒಂದೇ ಶರಾವತಿ ಸೀಮೆಯ ಎರಡು ಸಾಕ್ಷ್ಯಗಳಾಗಿ ಜೊತೆಗಿಟ್ಟು ನೋಡುವುದೇ ನ್ಯಾಯ.

ಶರಾವತಿಯ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಈ ನದಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. 1954ರಲ್ಲಿ ಶಂಕರ್ ನಾಗ್ ಹುಟ್ಟಿದ್ದು ಆ ಹೊನ್ನಾವರ ಸೀಮೆಯಲ್ಲಿ. ಅವರು ಬೆಳೆದ ರಂಗಭೂಮಿ ಮುಂಬಯಿಯದು, ಹಾಗಾಗಿ ನದಿಯ ನಂಟನ್ನು ಕಲೆಯ ಕಾರಣವನ್ನಾಗಿ ಹಿಗ್ಗಿಸಬಾರದು. ಆದರೂ ಘಟ್ಟದ ಮೇಲಿನ ಊರು ಅವರಿಗೆ ಹೊರಗಿನವನು ಬೆರಗಿನಿಂದ ನೋಡುವ ತಾಣವಾಗಿರಲಿಲ್ಲ ಎನ್ನುವಷ್ಟು ಹೇಳಬಹುದು. ಸರಣಿಯಲ್ಲಿ ಎಲ್ಲಿಯೂ ಪ್ರವಾಸಿ ನೋಟವಿಲ್ಲ. ಪ್ರಸಿದ್ಧವಾದ ಸೂರ್ಯಾಸ್ತದ ತಾಣವಿರುವ ಊರಿನಲ್ಲಿ ಬೀಡುಬಿಟ್ಟೂ ಕ್ಯಾಮೆರಾ ಜಗಲಿಯನ್ನೂ ಬೀದಿಯನ್ನೂ ಬಿಟ್ಟು ದೃಶ್ಯವೈಭವಕ್ಕೆ ಓಡುವುದಿಲ್ಲ. ಈ ಸಂಯಮಕ್ಕೆ ಸರಿಜೋಡಿಯಾದ ಪ್ರೇಕ್ಷಕರೂ ಈ ಸೀಮೆಯಲ್ಲಿದ್ದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1970ರ ದಶಕದಿಂದಲೇ ಚಿತ್ರಸಮಾಜವನ್ನೂ ಚಲನಚಿತ್ರ ರಸಗ್ರಹಣ ಶಿಬಿರಗಳನ್ನೂ ನಡೆಸಿ, ಅಡಿಕೆ ಬೆಳೆಗಾರರ ಹಳ್ಳಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದಿತ್ತು. ರಾತ್ರಿಯಿಡೀ ಯಕ್ಷಗಾನ ನೋಡಿ ಹಾಸ್ಯಗಾರನ ಒಂದು ಸಣ್ಣ ಕೊಂಕಿಗೆ ತಲೆದೂಗುವ ಅಭ್ಯಾಸ ಅದಕ್ಕೂ ಹಳೆಯದು. ಕ್ಯಾಮೆರಾ ಕಂಡು ಬೆಬ್ಬಳಿಸಿದ ಮುಗ್ಧ ಹಳ್ಳಿಗರು ಎಂಬ ಚಿತ್ರ ಈ ಚಿತ್ರೀಕರಣದ ಕುರಿತ ಮಾತುಕತೆಯಲ್ಲಿ ಆಗಾಗ ಇಣುಕುತ್ತದೆ. ನೋಟದ ಕಲೆಯನ್ನು ಇಷ್ಟು ಕಾಲದಿಂದ ಬಲ್ಲ ನಾಡಿಗೆ ಆ ಚಿತ್ರ ಒಪ್ಪುವುದಿಲ್ಲ.

ಅರಸಾಳಿನ ಕಥೆ ಬೇರೆಯೇ. ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರುಗಳ ಮೂಲಕ ತಾಳಗುಪ್ಪಕ್ಕೆ ಹೋಗುವ ರೈಲುದಾರಿ ಮೊದಲು ಮೀಟರ್ ಗೇಜಿನದು. ಅದರ ನಡುವೆ, ಕಾಡಿನ ಅಂಚಿನಲ್ಲಿರುವ ಚಿಕ್ಕ ನಿಲ್ದಾಣ ಅರಸಾಳು. ಆಗುಂಬೆಗೆ ರೈಲಿಲ್ಲ, ಮಾಲ್ಗುಡಿಗೆ ರೈಲಿಲ್ಲದೆ ಆಗದು, ಹಾಗಾಗಿ ಲೇಖಕರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಮೂಡಿದ್ದ ನಿಲ್ದಾಣಕ್ಕೆ ಹೊಸನಗರ ತಾಲ್ಲೂಕು ಮೈಯಾಯಿತು. ಹಳಿ ಬ್ರಾಡ್ ಗೇಜಿಗೆ ಬದಲಾದ ಮೇಲೆ ಹಳೆಯ ಕಟ್ಟಡ ಬಳಕೆ ತಪ್ಪಿ ಶಿಥಿಲವಾಗಿತ್ತು. ನೈಋತ್ಯ ರೈಲ್ವೆಯ ಮೈಸೂರು ವಿಭಾಗ ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಂದು ಆಗುಂಬೆಗೆ ಮಾಲ್ಗುಡಿಯ ವೇಷ ತೊಡಿಸಿದ್ದ ಜಾನ್ ದೇವರಾಜ್ ಅವರೇ ಈ ಕೆಲಸವನ್ನೂ ವಹಿಸಿಕೊಂಡರು. ಪಕ್ಕದಲ್ಲಿ ಹಳೆಯ ರೈಲು ಬೋಗಿಯೊಂದು ಚಹಾದ ಅಂಗಡಿಯಾಗಿದೆ. ಇಲ್ಲದ ಊರಿಗೆ ಇರುವ ಊರಿನಲ್ಲಿ ಸಂಗ್ರಹಾಲಯವೇ ಎಂದು ಹುಬ್ಬೇರಿಸುವವರಿಗೆ ಹೇಳಬೇಕಾದ್ದು ಇಷ್ಟು: ಕಲ್ಪನೆಯ ಊರಿನ ನೆಪದಿಂದ ಒಂದು ನಿಜವಾದ ಕಟ್ಟಡ ಉಳಿಯಿತು. ಈ ದಾರಿಯ ಮೀಟರ್ ಗೇಜ್ ಕಾಲದ ಬೇರೆ ಎಷ್ಟು ಗುರುತುಗಳಿಗೆ ಆ ಭಾಗ್ಯ ಸಿಕ್ಕಿತು? ನನ್ನ ಅಸಮಾಧಾನ ಇರುವುದು ಇನ್ನೊಂದು ಕಡೆ. ಸಂಗ್ರಹಾಲಯದ ಕೇಂದ್ರ ಮಾಲ್ಗುಡಿ. ತಾಳಗುಪ್ಪ ಲೈನು, ಅದರಲ್ಲಿ ಜೋಗಕ್ಕೆ ಹೋದವರು, ಅಡಿಕೆ ಮೂಟೆಯೊಂದಿಗೆ ಪೇಟೆಗೆ ಹೊರಟವರು, ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಬೇರೆಡೆಗೆ ಸಾಗಿದವರು, ಇವರಿಗೂ ಅಷ್ಟೇ ಜಾಗ ಸಲ್ಲಬೇಕು. ನಿಲ್ದಾಣಕ್ಕೆ ಮಾಲ್ಗುಡಿಯೆಂದೇ ಹೆಸರಿಡಬೇಕೆಂಬ ಮಾತೂ ಕೇಳಿಬಂದಿತ್ತು. ಅರಸಾಳು ಎಂಬ ಹೆಸರನ್ನು ಅಳಿಸಿ ಮಾಲ್ಗುಡಿಯನ್ನು ಗೌರವಿಸುವ ಅಗತ್ಯವಿಲ್ಲ, ಎರಡೂ ಅಕ್ಕಪಕ್ಕದಲ್ಲಿ ಇರಬಲ್ಲವು.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿ, 36 ತುಂಬುವ ಮುನ್ನವೇ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಬಂದವು. ಅವುಗಳಿಗೆ ಮೊದಲಿನವುಗಳಷ್ಟು ಜನಪ್ರೀತಿ ಸಿಗಲಿಲ್ಲ. ಅಷ್ಟು ಹೊತ್ತಿಗೆ ವಾಹಿನಿಗಳು ನೂರಾಗಿದ್ದವು, ವಾರಕ್ಕೊಂದು ದಿನ ಬೀದಿಯೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂರುವ ಕಾಲ ಮುಗಿದಿತ್ತು. ಮೊದಲ 39 ಕಂತುಗಳು ಮಾತ್ರ ಮರುಪ್ರಸಾರದಲ್ಲಿ, ಡಿವಿಡಿಯಲ್ಲಿ, ಅಂತರ್ಜಾಲದಲ್ಲಿ ಮತ್ತೆ ಮತ್ತೆ ಹೊಸ ಪ್ರೇಕ್ಷಕರನ್ನು ಪಡೆದಿವೆ. 2020ರಲ್ಲಿ ಸರಣಿ ಕನ್ನಡಕ್ಕೆ ಡಬ್ ಆಗಿ ಕಿರುತೆರೆಗೆ ಬಂತು. ಆಗುಂಬೆಯಲ್ಲಿ ಚಿತ್ರಿತವಾದ ಮೂರು ದಶಕಗಳ ಮೇಲೆ ಸ್ವಾಮಿ ಮತ್ತು ಅವನ ಅಜ್ಜಿ ಕನ್ನಡದಲ್ಲಿ ಮಾತಾಡಿದರು. ದೊಡ್ಡಮನೆಯನ್ನು ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಅದು ಜನ ಬಾಳುತ್ತಿರುವ ಮನೆ. ಮಳೆಗಾಲ ಬಂತೆಂದರೆ ಅಲ್ಲಿಯೂ ಮಾಡು ಸೋರದಂತೆ ಹೆಂಚು ಕೈಯಾಡಿಸಬೇಕು, ಮರಕ್ಕೆ ಗೆದ್ದಲು ಹತ್ತದಂತೆ ಕಾಯಬೇಕು. ಚೌಕಿಮನೆಗಳನ್ನು ಕಳಚಿ ಕಂಬ, ಬಾಗಿಲುಗಳನ್ನು ಮಾರುವುದು ಮಲೆನಾಡಿನಲ್ಲಿ ಹೊಸ ಸುದ್ದಿಯೇನಲ್ಲ. ಸರಣಿಯಲ್ಲಿ ಕಂಡಂಥ ಮನೆಗಳ ಅಳತೆ, ನಕ್ಷೆ, ಮರಗೆಲಸದ ವಿವರಗಳನ್ನು ಮೂರೂ ತಾಲ್ಲೂಕುಗಳಲ್ಲಿ ವ್ಯವಸ್ಥಿತವಾಗಿ ದಾಖಲಿಸುವ ಕೆಲಸಕ್ಕೆ ಅರಸಾಳಿನ ಸಂಗ್ರಹಾಲಯ ಒಳ್ಳೆಯ ನೆಲೆಯಾಗಬಲ್ಲದು.